ಹಿಂದೆ ನಡೆಯುವ ಕಂಪೈಲ್, ಮುಂದೆ ಬರುವ ದೂರು

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಇಮ್ಯಾಕ್ಸ್ ಎಡಿಟರ್ ಕುರಿತವು. ಅದರಲ್ಲೂ ಒಂದೇ ತೊಂದರೆ: ನಾವು ಟೈಪ್ ಮಾಡುತ್ತಿರುವಾಗ ಹಿನ್ನೆಲೆಯಲ್ಲಿ ತನ್ನಷ್ಟಕ್ಕೆ ನಡೆಯುವ ನೇಟಿವ್ ಕಂಪೈಲ್, ಅಂದರೆ ಇಮ್ಯಾಕ್ಸಿನ ಲಿಸ್ಪ್ ಭಾಷೆಯ ಕೋಡನ್ನು ಪ್ರೊಸೆಸರ್ ನೇರವಾಗಿ ಓಡಿಸುವ ರೂಪಕ್ಕೆ ತರುವ ಕೆಲಸ, ಕೈಕೊಡುವುದು. ಹಾಗಾಗಿ ಶಿವಮೊಗ್ಗ ಮತ್ತು ಸುತ್ತಲಿನ ಮಲೆನಾಡಿನಿಂದ ಬಂದ ಪ್ರಶ್ನೆಗಳನ್ನು ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಆಜ್ಞೆ, ವೇರಿಯಬಲ್‌ಗಳ ಹೆಸರನ್ನು ಇಲ್ಲಿ ಉಚ್ಚಾರದಂತೆ ಕನ್ನಡದಲ್ಲೇ ಅಚ್ಚು ಹಾಕಿದ್ದೇವೆ. ಕಂಪ್ಯೂಟರಿನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ. ಪೂರ್ತಿ ಸ್ಪೆಲಿಂಗ್ ನೆನಪಿರಬೇಕಾಗಿಲ್ಲ. ಆಲ್ಟ್ ಹಿಡಿದು ಎಕ್ಸ್ ಒತ್ತಿ, ಮೊದಲ ಒಂದೆರಡು ಪದ ಬರೆದು ಟ್ಯಾಬ್ ಒತ್ತಿದರೆ ಉಳಿದದ್ದನ್ನು ಎಡಿಟರೇ ತುಂಬುತ್ತದೆ. ವೇರಿಯಬಲ್ ಹುಡುಕಲು ಕಂಟ್ರೋಲ್-ಎಚ್ ಒತ್ತಿ ನಂತರ ವಿ ಒತ್ತಿ. ಟರ್ಮಿನಲ್‌ನಲ್ಲಿ ಕೊಡುವ '-ಕ್ಯೂ' ಮತ್ತು '-ಎಲ್' ಎರಡೂ ದೊಡ್ಡಕ್ಷರದವು ಎಂಬುದು ನೆನಪಿರಲಿ.

ಪ್ರಶ್ನೆ: ಅಡಿಕೆ ಮಂಡಿಯೊಂದರ ಲೆಕ್ಕ ಬರೆಯುತ್ತೇನೆ. ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಖಾತೆಗಳಿಗೆ ಕನ್ನಡದಲ್ಲೇ ಹೆಸರಿಟ್ಟು ಲೆಡ್ಜರ್ ಮೋಡ್‌ನಲ್ಲಿ ನಮೂದಿಸುತ್ತೇನೆ. ಇಮ್ಯಾಕ್ಸ್ 27ರಿಂದ 29ಕ್ಕೆ ಬದಲಾದ ಮೇಲೆ 'ವಾರ್ನಿಂಗ್ಸ್' ಎಂಬ ಕಿಟಕಿ ಪದೇಪದೇ ಎದ್ದು ಬರುತ್ತಿದೆ. ಅದರಲ್ಲಿ ನೂರಾರು ಸಾಲು. ನನ್ನ ಲೆಕ್ಕದ ಫೈಲಿಗೆ ಏನಾದರೂ ಆಗುತ್ತಿದೆಯೆ?
ಓದುಗರು, ಸಾಗರ

ಉತ್ತರ: ಲೆಕ್ಕದ ಫೈಲಿಗೆ ಏನೂ ಆಗುವುದಿಲ್ಲ, ಧೈರ್ಯವಾಗಿರಿ. ಕಂಪೈಲ್ ಆಗುತ್ತಿರುವುದು ನೀವು ಬರೆದ ಲೆಕ್ಕವಲ್ಲ; ಲೆಡ್ಜರ್ ಮೋಡ್ ಮತ್ತಿತರ ಪ್ಯಾಕೇಜ್‌ಗಳ ಲಿಸ್ಪ್ ಕೋಡ್.

27ರಲ್ಲಿ ಈ ಕಿಟಕಿ ಏಕೆ ಬರುತ್ತಿರಲಿಲ್ಲ ಎಂದರೆ ಆಗ ನೇಟಿವ್ ಕಂಪೈಲ್ ಎಂಬುದೇ ಇರಲಿಲ್ಲ. ಆಂಡ್ರಿಯಾ ಕೊರಾಲೊ ಅವರು ಕಟ್ಟಿದ ಈ ವ್ಯವಸ್ಥೆ 2022ರ ಏಪ್ರಿಲ್‌ನಲ್ಲಿ ಬಂದ 28.1ರೊಂದಿಗೆ ಸೇರಿತು. 2025ರ ಫೆಬ್ರವರಿಯಲ್ಲಿ ಬಂದ 30.1ರಿಂದ, ಬೇಕಾದ ಲೈಬ್ರರಿ ಇದ್ದರೆ ಸಾಕು, ಮೂಲದಿಂದ ಕಟ್ಟುವಾಗ ಕೇಳದೆಯೇ ಅದು ಸೇರಿಕೊಳ್ಳುತ್ತದೆ. ಈಗ ಒಂದು ಪ್ಯಾಕೇಜ್ ಮೂರು ರೂಪದಲ್ಲಿ ಇರಬಹುದು. '.ಇಎಲ್' ಎಂದರೆ ಮನುಷ್ಯರು ಓದುವ ಮೂಲ. '.ಇಎಲ್‌ಸಿ' ಎಂದರೆ ಬೈಟ್‌ಕೋಡ್, ಅಂದರೆ ಇಮ್ಯಾಕ್ಸ್ ತಾನೇ ಓದಿ ಓಡಿಸುವ ನಡುವಿನ ರೂಪ. '.ಇಎಲ್‌ಎನ್' ಎಂದರೆ ನಿಮ್ಮ ಪ್ರೊಸೆಸರ್ ನೇರವಾಗಿ ಓಡಿಸುವ ಕೋಡ್. ನೀವು ಲೆಡ್ಜರ್ ಮೋಡ್ ತೆರೆದಾಗ ಮೊದಲು ಬೈಟ್‌ಕೋಡ್ ಲೋಡ್ ಆಗುತ್ತದೆ, ಕೆಲಸ ಶುರುವಾಗುತ್ತದೆ. '.ಇಎಲ್‌ಎನ್' ಇಲ್ಲವೆಂದು ಕಂಡರೆ ಅದನ್ನು ತಯಾರಿಸುವ ಕೆಲಸ ಸರದಿಗೆ ಸೇರುತ್ತದೆ. ತಯಾರಾದ ಮೇಲೆ ಹಳೆಯ ಫಂಕ್ಷನ್‌ಗಳ ಜಾಗಕ್ಕೆ ಹೊಸವು ಬಂದು ಕೂರುತ್ತವೆ. ಅಂದರೆ ಕಂಪೈಲ್ ಸೋತರೂ ಬೈಟ್‌ಕೋಡ್ ಓಡುತ್ತಲೇ ಇರುತ್ತದೆ. ವೇಗ ಸ್ವಲ್ಪ ಕಡಿಮೆ, ಅಷ್ಟೆ.

ಈ ಕಂಪೈಲ್ ಕೆಲಸವನ್ನು ನಿಮ್ಮ ಕಣ್ಣೆದುರಿನ ಇಮ್ಯಾಕ್ಸ್ ಮಾಡುವುದಿಲ್ಲ. ಕಿಟಕಿಯಿಲ್ಲದ ಇನ್ನೊಂದು ಇಮ್ಯಾಕ್ಸನ್ನು '-ಕ್ಯೂ --ಬ್ಯಾಚ್' ಕೊಟ್ಟು ಎಬ್ಬಿಸಿ ಅದಕ್ಕೆ ಒಪ್ಪಿಸುತ್ತದೆ. ಆ ಎರಡನೆಯದು ನಿಮ್ಮ ಇನಿಟ್ ಫೈಲ್ (ಇಮ್ಯಾಕ್ಸ್ ತೆರೆದಾಗ ಓದುವ ನಿಮ್ಮ ಸೆಟ್ಟಿಂಗ್‌ಗಳ ಫೈಲ್) ಓದಿರುವುದಿಲ್ಲ. ನೀವು ತೆರೆದಿಟ್ಟ ಯಾವ ಪ್ಯಾಕೇಜೂ ಅದರಲ್ಲಿ ಇರುವುದಿಲ್ಲ. ಪ್ಯಾಕೇಜ್‌ಗಳು ಯಾವ ಫೋಲ್ಡರಿನಲ್ಲಿವೆ ಎಂಬ ಪಟ್ಟಿ ಮಾತ್ರ ಅದರ ಕೈಗೆ ಸಿಗುತ್ತದೆ. ಇವತ್ತೇ ತೋಟಕ್ಕೆ ಬಂದ ಕೊನೆಗೌಡನಿಗೆ ತೋಟ ತೋರಿಸಿ, ಯಾವ ಮರ ಬಲಿತಿದೆ, ದೋಟಿ ಎಲ್ಲಿದೆ ಎಂದು ಹೇಳದೆ ಬಿಟ್ಟಂತೆ. ಈ ಅಂಕಣದ ಅರ್ಧ ಪ್ರಶ್ನೆಗಳಿಗೆ ಕಾರಣ ಇದೇ.

ನಿಮ್ಮ ಕಿಟಕಿಯ ಸಾಲುಗಳನ್ನು ಹೀಗೆ ಬೇರ್ಪಡಿಸಿ ನೋಡಿ. 'ಡಾಕ್‌ಸ್ಟ್ರಿಂಗ್ ವೈಡರ್ ದ್ಯಾನ್ 80 ಕ್ಯಾರೆಕ್ಟರ್ಸ್' ಎಂಬುದು ವಿವರಣೆಯ ಸಾಲು ಉದ್ದವಾಗಿದೆ ಎಂಬ ಶಿಸ್ತಿನ ಮಾತು, ಬಿಟ್ಟುಬಿಡಿ. 'ದ ಫಂಕ್ಷನ್ ಈಸ್ ನಾಟ್ ನೋನ್ ಟು ಬಿ ಡಿಫೈನ್ಡ್' ಎಂದರೆ ಖಾಲಿ ಇಮ್ಯಾಕ್ಸಿಗೆ ಆ ಫಂಕ್ಷನ್ ಕಾಣಲಿಲ್ಲ ಎಂದು. ಅದು ನಿಜವಾಗಿ ಫಂಕ್ಷನ್ನೇ ಆಗಿದ್ದರೆ ಓಡುವಾಗ ಸಿಕ್ಕೇ ಸಿಗುತ್ತದೆ, ತೊಂದರೆಯಿಲ್ಲ; ಮ್ಯಾಕ್ರೊ (ಕಂಪೈಲ್ ಆಗುವಾಗಲೇ ಬೇರೆ ಕೋಡಾಗಿ ಬಿಡಿಸಿಕೊಳ್ಳುವ ತುಣುಕು) ಆಗಿದ್ದರೆ ಮಾತ್ರ ಅಪಾಯ, ಅದನ್ನು ಮುಂದಿನ ಪ್ರಶ್ನೆಯೊಂದರಲ್ಲಿ ಬಿಡಿಸಿದ್ದೇವೆ. 'ಎರರ್' ಎಂದು ಶುರುವಾಗುವ ಸಾಲು ಇದ್ದರೆ ಆ ಫೈಲಿನ ಕಂಪೈಲ್ ನಿಂತುಹೋಗಿದೆ.

ಕಿಟಕಿ ಎದ್ದು ಬರದಂತೆ ಮಾಡಲು 'ನೇಟಿವ್-ಕಾಂಪ್-ಅಸಿಂಕ್-ರಿಪೋರ್ಟ್-ವಾರ್ನಿಂಗ್ಸ್-ಎರರ್ಸ್' ವೇರಿಯಬಲ್ಲಿನ ಬೆಲೆಯನ್ನು 'ಸೈಲೆಂಟ್' ಎಂಬ ಸಿಂಬಲ್‌ಗೆ ಬದಲಿಸಿ, ಸಿಂಬಲ್ಲಿನ ಮೊದಲ ಅಕ್ಷರಕ್ಕೂ ಮೊದಲು ಒಂಟಿ ಕೋಟ್ ಮರೆಯದಿರಿ. ಇದನ್ನು ಇನಿಟ್ ಫೈಲಿಗೂ ಮೊದಲು ಓದಲಾಗುವ 'ಅರ್ಲಿ-ಇನಿಟ್.ಇಎಲ್' ಫೈಲಿಗೆ ಹಾಕಿ. ಇನಿಟ್ ಫೈಲಿನ ಕೊನೆಗೆ ಹಾಕಿದರೆ ಅದಕ್ಕೆ ಮೊದಲೇ ಲೋಡ್ ಆದ ಪ್ಯಾಕೇಜ್‌ಗಳ ದೂರು ಬಂದೇ ಬರುತ್ತದೆ. ಬೆಲೆಯನ್ನು 'ನಿಲ್' ಮಾಡಿದರೂ ಕಿಟಕಿ ನಿಲ್ಲುತ್ತದೆ. ನಾವು ಅದನ್ನು ಹೇಳುವುದಿಲ್ಲ: ಸೈಲೆಂಟ್‌ನಲ್ಲಿ ಸಾಲುಗಳು ವಾರ್ನಿಂಗ್ಸ್ ಬಫರಿನಲ್ಲಿ (ಬಫರ್ ಎಂದರೆ ಇಮ್ಯಾಕ್ಸ್ ಪಠ್ಯ ಇಟ್ಟುಕೊಳ್ಳುವ ಜಾಗ) ಉಳಿಯುತ್ತವೆ, ಮುಂದೆ ಏನಾದರೂ ಕೆಟ್ಟಾಗ ನೋಡಲು ಸಿಗುತ್ತವೆ.

ಪ್ರಶ್ನೆ: ಉಬುಂಟುವಿನಲ್ಲಿ ಇಮ್ಯಾಕ್ಸ್ ಹಾಕಿದ್ದೇನೆ. ಪ್ರತಿಯೊಂದು ಪ್ಯಾಕೇಜಿಗೂ 'ಎರರ್ ಇನ್ವೋಕಿಂಗ್ ಜಿಸಿಸಿ ಡ್ರೈವರ್' ಎಂದು ಬರುತ್ತದೆ. ಒಂದೂ ಕಂಪೈಲ್ ಆಗುವುದಿಲ್ಲ.
ಓದುಗರು, ತೀರ್ಥಹಳ್ಳಿ

ಉತ್ತರ: ಒಂದೆರಡು ಪ್ಯಾಕೇಜ್ ಸೋತರೆ ಪ್ಯಾಕೇಜಿನ ತಪ್ಪು, ಎಲ್ಲವೂ ಸೋತರೆ ಉಪಕರಣದ ತಪ್ಪು. ನಿಮ್ಮದು ಎರಡನೆಯದು.

ಇಮ್ಯಾಕ್ಸ್ ಲಿಸ್ಪ್ ಕೋಡನ್ನು 'ಲಿಬ್‌ಜಿಸಿಸಿಜಿಟ್' ಎಂಬ ಲೈಬ್ರರಿಗೆ ಕೊಡುತ್ತದೆ. ಅದು ಜಿಸಿಸಿ ಕಂಪೈಲರಿನದೇ ಭಾಗ. ಅದು ಅಸೆಂಬ್ಲಿ ಬರೆದುಕೊಟ್ಟ ಮೇಲೆ 'ಆ್ಯಸ್' ಎಂಬ ಅಸೆಂಬ್ಲರ್, 'ಎಲ್‌ಡಿ' ಎಂಬ ಲಿಂಕರ್ ಸೇರಿ ಅದನ್ನು ಶೇರ್ಡ್ ಲೈಬ್ರರಿಯಾಗಿ ಕಟ್ಟಬೇಕು. '.ಇಎಲ್‌ಎನ್' ಫೈಲ್ ಎಂದರೆ ಅದೇ. ಈ ಎರಡರಲ್ಲಿ ಒಂದು ಇಲ್ಲದಿದ್ದರೂ, ಲಿಂಕರಿಗೆ ಬೇಕಾದ ಚಿಕ್ಕಪುಟ್ಟ ಫೈಲ್‌ಗಳು ಸಿಗದಿದ್ದರೂ ಬರುವುದು ಈ ಒಂದೇ ಸಾಲು. ನಿಜವಾದ ಕಾರಣ ಅದರ ಮೇಲಿನ ಒಂದೆರಡು ಸಾಲುಗಳಲ್ಲಿ ಇರುತ್ತದೆ. ಅದನ್ನು ನೋಡಲು 'ಅಸಿಂಕ್-ನೇಟಿವ್-ಕಂಪೈಲ್-ಲಾಗ್' ಎಂಬ ಬಫರ್ ತೆರೆಯಿರಿ. ಹೆಸರಿನ ಎರಡೂ ತುದಿಗೆ ನಕ್ಷತ್ರ ಚಿಹ್ನೆ ಇದೆ.

ಅದಕ್ಕಿಂತ ಚೊಕ್ಕವಾದ ಪರೀಕ್ಷೆ ಟರ್ಮಿನಲ್‌ನಲ್ಲಿ. ಮೊದಲ ಸಾಲಿನಲ್ಲಿ ಲೆಕ್ಸಿಕಲ್-ಬೈಂಡಿಂಗ್ (ವೇರಿಯಬಲ್ಲಿನ ಬೆಲೆ ಅದನ್ನು ಬರೆದ ಆವರಣಕ್ಕೆ ಸೀಮಿತ ಎಂಬ ನಿಯಮ) ಘೋಷಣೆ, ಕೆಳಗೆ ಒಂದೇ ಒಂದು ಫಂಕ್ಷನ್ ಇರುವ 'ಟೆಸ್ಟ್.ಇಎಲ್' ಬರೆದು, 'ಇಮ್ಯಾಕ್ಸ್ -ಕ್ಯೂ --ಬ್ಯಾಚ್ -ಎಫ್ ಬ್ಯಾಚ್-ನೇಟಿವ್-ಕಂಪೈಲ್ ಟೆಸ್ಟ್.ಇಎಲ್' ಎಂದು ಓಡಿಸಿ. ಇದು ಸೋತರೆ ನಿಮ್ಮ ಪ್ಯಾಕೇಜ್‌ಗಳಿಗೂ ಇನಿಟ್ ಫೈಲಿಗೂ ಸಂಬಂಧವೇ ಇಲ್ಲ ಎಂಬುದು ಖಚಿತ. 'ನೇಟಿವ್-ಕಾಂಪ್-ಅವೈಲಬಲ್-ಪಿ' ಫಂಕ್ಷನ್ 'ಟಿ' ಎಂದು ಉತ್ತರ ಕೊಟ್ಟಿತೆಂದು ನಂಬಿ ಕೂರಬೇಡಿ; ಲೈಬ್ರರಿ ಇದೆ ಎಂದಷ್ಟೇ ಅದು ಹೇಳುತ್ತದೆ, ಲಿಂಕರ್ ಕೆಲಸ ಮಾಡುತ್ತದೆ ಎಂದಲ್ಲ.

ಇನ್ನು ರಿಪೇರಿ. ಉಬುಂಟು, ಡೆಬಿಯನ್‌ನಲ್ಲಿ ಮೊದಲು 'ಬಿಲ್ಡ್-ಎಸೆನ್ಷಿಯಲ್' ಪ್ಯಾಕೇಜ್ ಹಾಕಿ. ಅಸೆಂಬ್ಲರ್, ಲಿಂಕರ್, ಸಿ ಲೈಬ್ರರಿಯ ಫೈಲ್‌ಗಳು ಒಟ್ಟಿಗೇ ಬರುತ್ತವೆ. ಆಮೇಲೂ ಅದೇ ದೂರಿದ್ದರೆ ಆವೃತ್ತಿಗಳು ಹೊಂದುತ್ತಿಲ್ಲ. 'ಡಿಪಿಕೆಜಿ -ಎಸ್ ಲಿಬ್‌ಜಿಸಿಸಿಜಿಟ್0' ಎಂದು ಕೊಟ್ಟು ಆವೃತ್ತಿಯ ಮೊದಲ ಸಂಖ್ಯೆ ನೋಡಿ. ಅದು 12 ಆಗಿದ್ದರೆ 'ಲಿಬ್‌ಜಿಸಿಸಿ-12-ಡೆವ್' ಬೇಕು. 13 ಆಗಿದ್ದರೆ 13ರದ್ದು. ಜಿಸಿಸಿ 11 ಇದೆ ಎಂದು 11ರ ಫೈಲ್‌ಗಳನ್ನು ಮಾತ್ರ ಹಾಕಿಕೊಂಡು, ಲಿಬ್‌ಜಿಸಿಸಿಜಿಟ್ 12 ಆಗಿರುವುದನ್ನು ಗಮನಿಸದೆ ಕಷ್ಟಪಡುವವರು ಬಹಳ ಮಂದಿ. ಉಬುಂಟು 22.04ರಲ್ಲಿ ಇದು ಹೆಚ್ಚು. ಮೂಲದಿಂದ ನೀವೇ ಕಟ್ಟುವುದಾದರೆ 'ಲಿಬ್‌ಜಿಸಿಸಿಜಿಟ್-ಎನ್-ಡೆವ್' ಬೇಕಾಗುತ್ತದೆ. ಎನ್ ಜಾಗದಲ್ಲಿ ನಿಮ್ಮ ಜಿಸಿಸಿಯ ಸಂಖ್ಯೆ. ಫೆಡೋರಾದಲ್ಲಿ ಹೆಸರು 'ಲಿಬ್‌ಜಿಸಿಸಿಜಿಟ್-ಡೆವೆಲ್'.

ಒಮ್ಮೆ ಇವೆಲ್ಲ ಇಳಿಸಿಕೊಂಡರೆ ಕಂಪೈಲಿಗೆ ಇಂಟರ್‌ನೆಟ್ ಬೇಡ. ಪೇಟೆಗೆ ಬಂದಾಗ ಹಾಕಿಕೊಂಡು ಹೋಗಿ, ಸಿಗ್ನಲ್ ಸಿಗದ ಮನೆಯಲ್ಲೂ ಕೆಲಸ ನಡೆಯುತ್ತದೆ.

ಪ್ರಶ್ನೆ: ಮಳೆಗಾಲದಲ್ಲಿ ನಮ್ಮಲ್ಲಿ ಹೇಳದೆ ಕೇಳದೆ ಕರೆಂಟ್ ಹೋಗುತ್ತದೆ. ಹಾಗೆ ಹೋಗಿ ಬಂದ ಮೇಲೆ ಇಮ್ಯಾಕ್ಸ್ ತೆರೆದರೆ 'ನೇಟಿವ್-ಲಿಸ್ಪ್-ಲೋಡ್-ಫೇಲ್ಡ್', ಕೊನೆಗೆ 'ಫೈಲ್ ಟೂ ಶಾರ್ಟ್' ಎಂದು ಬಂದು ಇನಿಟ್ ಅರ್ಧಕ್ಕೆ ನಿಲ್ಲುತ್ತದೆ.
ಓದುಗರು, ಹೊಸನಗರ

ಉತ್ತರ: ಇಮ್ಯಾಕ್ಸ್ '.ಇಎಲ್‌ಎನ್' ಫೈಲನ್ನು ನೇರವಾಗಿ ಬರೆಯುವುದಿಲ್ಲ. '.ಇಎಲ್‌ಎನ್.ಟಿಎಂಪಿ' ಎಂಬ ತಾತ್ಕಾಲಿಕ ಫೈಲಿಗೆ ಬರೆದು ಆಮೇಲೆ ಹೆಸರು ಬದಲಿಸುತ್ತದೆ. ಹಾಗಿದ್ದೂ ಡಿಸ್ಕಿಗೆ ಒಳಗಿನ ಅಂಶ ಇಳಿಯುವ ಮೊದಲೇ ಕರೆಂಟ್ ಹೋದರೆ, ಹೆಸರು ಮಾತ್ರ ಉಳಿದು ಫೈಲಿನ ಗಾತ್ರ ಸೊನ್ನೆ ಆಗಿಬಿಡಬಹುದು. ಮುಂದಿನ ಸಲ ತೆರೆದಾಗ ಆ ಖಾಲಿ ಫೈಲನ್ನು ಲೋಡ್ ಮಾಡಲು ಹೋಗಿ ಸಿಸ್ಟಮ್ 'ಫೈಲ್ ಟೂ ಶಾರ್ಟ್' ಎನ್ನುತ್ತದೆ.

ಮನೆ ಫೋಲ್ಡರಿನ ಒಳಗೆ '.ಇಮ್ಯಾಕ್ಸ್.ಡಿ', ಅದರೊಳಗೆ 'ಇಎಲ್‌ಎನ್-ಕ್ಯಾಷ್' ಇರುತ್ತದೆ. '.ಕಾನ್ಫಿಗ್' ಬಳಸುವವರಿಗೆ ಅದು '.ಕಾನ್ಫಿಗ್/ಇಮ್ಯಾಕ್ಸ್' ಒಳಗೆ. ಇಮ್ಯಾಕ್ಸ್ ಮುಚ್ಚಿ, ಟರ್ಮಿನಲ್‌ನಿಂದ ಆ ಫೋಲ್ಡರಿಗೆ ಹೋಗಿ 'ಫೈಂಡ್ . -ಸೈಜ್ 0' ಎಂದು ಕೊಟ್ಟರೆ ಖಾಲಿ ಫೈಲ್‌ಗಳ ಪಟ್ಟಿ ಬರುತ್ತದೆ. ಅವನ್ನೂ ಉಳಿದುಹೋದ 'ಟಿಎಂಪಿ' ಫೈಲ್‌ಗಳನ್ನೂ ಅಳಿಸಿ. ಬೇಸರವಾದರೆ ಇಎಲ್‌ಎನ್-ಕ್ಯಾಷ್ ಫೋಲ್ಡರನ್ನೇ ಪೂರ್ತಿ ಅಳಿಸಿದರೂ ನಷ್ಟವಿಲ್ಲ. ಅದರಲ್ಲಿರುವ ಪ್ರತಿಯೊಂದನ್ನೂ ಮೂಲದಿಂದ ಮತ್ತೆ ಕಟ್ಟಬಹುದು. ಕೆಟ್ಟಿರುವ ಫೈಲ್ ನಿಮ್ಮ ಕ್ಯಾಷಿನಲ್ಲಿಲ್ಲದೆ 'ಯುಎಸ್ಆರ್' ಒಳಗಿನ 'ನೇಟಿವ್-ಲಿಸ್ಪ್' ಫೋಲ್ಡರಿನಲ್ಲಿದ್ದರೆ ಮಾತ್ರ ಕೈಯಿಂದ ಮುಟ್ಟಬೇಡಿ, ಇಮ್ಯಾಕ್ಸ್ ಪ್ಯಾಕೇಜನ್ನೇ ಮರುಸ್ಥಾಪಿಸಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬ್ಯಾಟರಿಯಿಲ್ಲದ ಡೆಸ್ಕ್‌ಟಾಪ್ ಬಳಸುವ ಘಟ್ಟದ ಮೇಲಿನವರಿಗೆ ಒಂದು ಮಾತು: ಪ್ಯಾಕೇಜ್‌ಗಳನ್ನೆಲ್ಲ ಒಟ್ಟಿಗೆ ಅಪ್‌ಗ್ರೇಡ್ ಮಾಡುವ ಕೆಲಸವನ್ನು ಯುಪಿಎಸ್ ಇರುವಾಗ ಮಾಡಿ. ಆಗಲೇ ಹತ್ತಾರು ಫೈಲ್‌ಗಳು ಸಾಲಾಗಿ ಬರೆಯಲ್ಪಡುವುದು.

ಪ್ರಶ್ನೆ: ನಾನೇ ಬರೆದ ಪ್ಯಾಕೇಜಿನಲ್ಲಿ ಎರಡು ಫೈಲ್‌ಗಳಿವೆ. ನನ್ನ ಇಮ್ಯಾಕ್ಸಿನಲ್ಲಿ ಬೈಟ್ ಕಂಪೈಲ್ ಮಾಡಿದರೆ ಎಲ್ಲ ಸರಿ. ಐದು ನಿಮಿಷ ಬಳಸಿದ ಮೇಲೆ ಇದ್ದಕ್ಕಿದ್ದಂತೆ 'ಇನ್ವ್ಯಾಲಿಡ್ ಫಂಕ್ಷನ್' ಎಂದು ಬರುತ್ತದೆ. ಕೋಡ್ ಮುಟ್ಟಿಲ್ಲ. ಹೀಗೇಕೆ?
ಓದುಗರು, ಶಿವಮೊಗ್ಗ

ಉತ್ತರ: ಆ ಐದು ನಿಮಿಷದಲ್ಲಿ ಹಿನ್ನೆಲೆಯ ಕಂಪೈಲ್ ಮುಗಿದು, ಸರಿಯಿದ್ದ ಬೈಟ್‌ಕೋಡಿನ ಜಾಗಕ್ಕೆ ತಪ್ಪಾಗಿ ಕಟ್ಟಿದ ನೇಟಿವ್ ಕೋಡ್ ಬಂದು ಕೂತಿದೆ. ಕಂಪೈಲ್ ಸೋಲುವುದಕ್ಕಿಂತ ಇದು ಕೆಟ್ಟದ್ದು. ಸೋತಿದ್ದರೆ ಹಳೆಯದೇ ಓಡುತ್ತಿತ್ತು.

ನೇಟಿವ್ ಕಂಪೈಲ್ ಶುರುವಾಗುವುದು ನೀವು ಕಟ್ಟಿಟ್ಟ '.ಇಎಲ್‌ಸಿ'ಯಿಂದಲ್ಲ, ಮೂಲ '.ಇಎಲ್' ಫೈಲಿನಿಂದ. ಅದೂ ಖಾಲಿ ಇಮ್ಯಾಕ್ಸಿನಲ್ಲಿ. ನೀವು ಬೈಟ್ ಕಂಪೈಲ್ ಮಾಡಿದಾಗ ಎರಡೂ ಫೈಲ್‌ಗಳು ಆಗಲೇ ಲೋಡ್ ಆಗಿದ್ದವು. ಮೊದಲ ಫೈಲಿನ ಮ್ಯಾಕ್ರೊ ಏನೆಂದು ಕಂಪೈಲರಿಗೆ ಗೊತ್ತಿತ್ತು, ಅದನ್ನು ಬಿಡಿಸಿ ಬರೆಯಿತು. ಹಿನ್ನೆಲೆಯ ಇಮ್ಯಾಕ್ಸಿಗೆ ಆ ಮ್ಯಾಕ್ರೊ ಗೊತ್ತಿಲ್ಲ. ಗೊತ್ತಿಲ್ಲದ ಹೆಸರನ್ನು ಅದು ಫಂಕ್ಷನ್ ಎಂದೇ ಎಣಿಸಿ ಕರೆ ಬರೆಯುತ್ತದೆ. ಓಡುವಾಗ ಅಲ್ಲಿ ಸಿಗುವುದು ಮ್ಯಾಕ್ರೊ. ಅದಕ್ಕೇ 'ಇನ್ವ್ಯಾಲಿಡ್ ಫಂಕ್ಷನ್'.

ಎರಡನೆಯ ಫೈಲಿನ ತಲೆಯಲ್ಲಿ ಮೊದಲ ಫೈಲನ್ನು 'ರಿಕ್ವೈರ್' ಮಾಡಿ. ಮ್ಯಾಕ್ರೊ ಮಾತ್ರ ಬೇಕು, ಓಡುವಾಗ ಆ ಫೈಲ್ ಬೇಡ ಎನ್ನುವುದಾದರೆ ರಿಕ್ವೈರನ್ನು 'ಇವಾಲ್-ವೆನ್-ಕಂಪೈಲ್' ಒಳಗಿಡಿ. ಎರಡೂ ಫೈಲ್‌ಗಳು ಒಂದನ್ನೊಂದು ರಿಕ್ವೈರ್ ಮಾಡುವ ಸುಳಿಗೆ ಸಿಕ್ಕಬೇಡಿ. ಮ್ಯಾಕ್ರೊಗಳನ್ನು ಮೂರನೆಯ ಫೈಲಿಗೆ ಎತ್ತಿಡುವುದು ಒಳ್ಳೆಯದು. ಬರೀ ಫಂಕ್ಷನ್ ಬಗ್ಗೆ ಬರುವ ಎಚ್ಚರಿಕೆಯನ್ನು 'ಡಿಕ್ಲೇರ್-ಫಂಕ್ಷನ್' ಬರೆದು ನಿಲ್ಲಿಸಬಹುದು, ಆದರೆ ಮ್ಯಾಕ್ರೊಗೆ ಅದು ಮದ್ದಲ್ಲ.

ಇದಕ್ಕಿಂತ ಮೆಲ್ಲಗೆ ಕಚ್ಚುವುದು ವೇರಿಯಬಲ್. ಬೇರೆ ಫೈಲಿನಲ್ಲಿ 'ಡೆಫ್‌ವಾರ್' ಮಾಡಿದ ವೇರಿಯಬಲ್ಲಿಗೆ ನೀವು 'ಲೆಟ್' ಒಳಗೆ ತಾತ್ಕಾಲಿಕ ಬೆಲೆ ಕೊಟ್ಟಿದ್ದೀರಿ ಎಂದುಕೊಳ್ಳಿ. ಲೆಕ್ಸಿಕಲ್-ಬೈಂಡಿಂಗ್ ಇರುವ ಫೈಲಿನಲ್ಲಿ, ಖಾಲಿ ಇಮ್ಯಾಕ್ಸಿಗೆ ಅದು ವಿಶೇಷ ವೇರಿಯಬಲ್ ಎಂದು ತಿಳಿಯದೆ, ಆ ಬೆಲೆ ಲೆಟ್‌ನ ಆವರಣದೊಳಗೇ ಉಳಿದುಬಿಡುತ್ತದೆ. ನೀವು ಕರೆದ ಫಂಕ್ಷನ್ನಿಗೆ ಹಳೆಯ ಬೆಲೆಯೇ ಕಾಣುತ್ತದೆ. ಎರರ್ ಇಲ್ಲ, ನಿಲ್ಲುವುದಿಲ್ಲ, ಫಲಿತಾಂಶ ಮಾತ್ರ ತಪ್ಪು. ಇದರ ಏಕೈಕ ಸುಳಿವು 'ಅನ್‌ಯೂಸ್ಡ್ ಲೆಕ್ಸಿಕಲ್ ವೇರಿಯಬಲ್' ಎಂಬ ಎಚ್ಚರಿಕೆ. ನೂರು ಸಾಲಿನ ನಡುವೆ ಇದು ಒಂದಿದ್ದರೂ ನಿಂತು ನೋಡಿ. ಆ ಫೈಲಿನ ಮೇಲ್ಭಾಗದಲ್ಲಿ ಬೆಲೆ ಕೊಡದೆ ಬರೀ ಹೆಸರಿನ ಡೆಫ್‌ವಾರ್ ಒಂದು ಬರೆದರೆ ಸರಿಹೋಗುತ್ತದೆ.

ತಿದ್ದಿದ ಮೇಲೆ ಪರೀಕ್ಷೆ ನಿಮ್ಮ ತೆರೆದ ಇಮ್ಯಾಕ್ಸಿನಲ್ಲಿ ಬೇಡ. 'ಇಮ್ಯಾಕ್ಸ್ -ಕ್ಯೂ --ಬ್ಯಾಚ್ -ಎಲ್ . -ಎಫ್ ಬ್ಯಾಚ್-ನೇಟಿವ್-ಕಂಪೈಲ್' ಎಂದು ಕೊಟ್ಟು ಫೈಲಿನ ಹೆಸರು ಬರೆಯಿರಿ; '-ಎಲ್ .' ಎಂದರೆ ಈ ಫೋಲ್ಡರನ್ನೂ ಹುಡುಕು ಎಂದು. ಹಿನ್ನೆಲೆಯ ಕಂಪೈಲ್ ಯಾವ ಸ್ಥಿತಿಯಲ್ಲಿ ನಡೆಯುತ್ತದೋ ಅದೇ ಸ್ಥಿತಿ ಇಲ್ಲಿ ಸಿಗುತ್ತದೆ. ಇಲ್ಲಿ ಒಂದು ಎಚ್ಚರಿಕೆಯೂ ಬರದಿದ್ದರೆ ಬೇರೆಯವರ ಯಂತ್ರದಲ್ಲೂ ಬರುವುದು ಕಷ್ಟ. ಓಡುತ್ತಿರುವುದು ಯಾವ ರೂಪ ಎಂದು ತಿಳಿಯಲು ಕಂಟ್ರೋಲ್-ಎಚ್, ಎಫ್ ಒತ್ತಿ ಫಂಕ್ಷನ್ ಹೆಸರು ಕೊಡಿ. ವಿವರಣೆಯ ಮೊದಲ ಸಾಲಿನಲ್ಲಿ 'ನೇಟಿವ್' ಎಂಬ ಪದ ಇದೆಯೋ ನೋಡಿ.

ಇನ್ನೊಂದು ಹಳ್ಳ ಇದೆ. '.ಇಎಲ್‌ಎನ್' ಫೈಲಿನ ಹೆಸರಿನಲ್ಲಿ ಎರಡು ಹ್ಯಾಷ್ (ಪಠ್ಯದಿಂದ ಲೆಕ್ಕ ಹಾಕಿದ ಗುರುತಿನ ಸಂಕೇತ) ಇರುತ್ತವೆ: ಒಂದು ಮೂಲ ಫೈಲ್ ಇರುವ ದಾರಿಯದು, ಇನ್ನೊಂದು ಅದರ ಒಳಗಿನ ಪಠ್ಯದ್ದು. ನೀವು ಮ್ಯಾಕ್ರೊ ಇರುವ ಮೊದಲ ಫೈಲನ್ನು ತಿದ್ದಿ, ಅದನ್ನು ಬಳಸುವ ಎರಡನೆಯದನ್ನು ಮುಟ್ಟದಿದ್ದರೆ ಎರಡನೆಯದರ ಹ್ಯಾಷ್ ಬದಲಾಗದು. ಹಳೆಯ ಮ್ಯಾಕ್ರೊ ಬಿಡಿಸಿ ಕಟ್ಟಿದ '.ಇಎಲ್‌ಎನ್' ಹಾಗೇ ಲೋಡ್ ಆಗುತ್ತಿರುತ್ತದೆ. ಆಗ ಎರಡನೆಯ ಫೈಲನ್ನೂ ಮತ್ತೆ ಬೈಟ್ ಕಂಪೈಲ್ ಮಾಡಿ. '.ಇಎಲ್‌ಸಿ' ಹೊಸದಾದರೆ ಅದಕ್ಕಿಂತ ಹಳೆಯ '.ಇಎಲ್‌ಎನ್' ಅನ್ನು ಇಮ್ಯಾಕ್ಸ್ ಪಕ್ಕಕ್ಕಿಟ್ಟು ಮತ್ತೆ ಕಟ್ಟುತ್ತದೆ. ಬೇರೆಯವರ ಪ್ಯಾಕೇಜ್‌ಗಳಲ್ಲೂ ಅಪ್‌ಗ್ರೇಡ್ ಆದ ಮೇಲೆ ಇದೇ ಕಾಣಿಸಿಕೊಂಡರೆ 29ರಿಂದ 'ಪ್ಯಾಕೇಜ್-ರೀಕಂಪೈಲ್-ಆಲ್' ಎಂಬ ಆಜ್ಞೆ ಇದೆ.

ತಪ್ಪಿರುವುದು ಬೇರೆಯವರ ಪ್ಯಾಕೇಜಿನಲ್ಲಿ, ತಿದ್ದುವವರೆಗೆ ಕಾಯಬೇಕು ಎಂದಾದರೆ ಆ ಫೈಲಿನ ಹೆಸರಿಗೆ ಹೊಂದುವ ರೆಗ್ಯುಲರ್ ಎಕ್ಸ್‌ಪ್ರೆಷನ್ನನ್ನು 'ನೇಟಿವ್-ಕಾಂಪ್-ಜಿಟ್-ಕಂಪೈಲೇಷನ್-ಡಿನೈ-ಲಿಸ್ಟ್'ಗೆ ಸೇರಿಸಿ; ಆ ಒಂದನ್ನು ಬಿಟ್ಟು ಉಳಿದವು ಕಂಪೈಲ್ ಆಗುತ್ತವೆ. ಆಗಲೇ ಕಟ್ಟಿರುವ '.ಇಎಲ್‌ಎನ್' ಅನ್ನು ಅಳಿಸಲು ಮರೆಯಬೇಡಿ, ಪಟ್ಟಿ ತಡೆಯುವುದು ಹೊಸದಾಗಿ ಕಟ್ಟುವುದನ್ನು ಮಾತ್ರ. ನಿಮ್ಮದೇ ಫೈಲಾದರೆ ಮೊದಲ ಸಾಲಿನಲ್ಲಿ 'ನೋ-ನೇಟಿವ್-ಕಂಪೈಲ್: ಟಿ' ಎಂದು ಬರೆದರೂ ಸಾಕು.

ಪ್ರಶ್ನೆ: 4 ಜಿಬಿ ರ‍್ಯಾಮ್ ಇರುವ ಹಳೆಯ ಲ್ಯಾಪ್‌ಟಾಪ್. ಹೊಸ ಪ್ಯಾಕೇಜ್ ಹಾಕಿದರೆ ಫ್ಯಾನ್ ಜೋರಾಗಿ ತಿರುಗಿ ಎಲ್ಲ ಸ್ತಬ್ಧವಾಗುತ್ತದೆ. ಕೆಲವು ಕಂಪೈಲ್ ಕಾರಣ ಹೇಳದೆ ಸಾಯುತ್ತವೆ.
ಡಿಪ್ಲೊಮಾ ವಿದ್ಯಾರ್ಥಿ, ಭದ್ರಾವತಿ

ಉತ್ತರ: 'ನೇಟಿವ್-ಕಾಂಪ್-ಅಸಿಂಕ್-ಜಾಬ್ಸ್-ನಂಬರ್' ಬೆಲೆ ಸಹಜವಾಗಿ 0 ಇರುತ್ತದೆ. ಸೊನ್ನೆ ಎಂದರೆ ಇಲ್ಲ ಎಂದಲ್ಲ, ಪ್ರೊಸೆಸರಿನ ಅರ್ಧದಷ್ಟು ಕೋರ್‌ಗಳನ್ನು ಬಳಸು ಎಂದು. 4 ಕೋರ್ ಇದ್ದರೆ 2 ಇಮ್ಯಾಕ್ಸ್ ಏಕಕಾಲಕ್ಕೆ ದುಡಿಯುತ್ತವೆ, 8 ಇದ್ದರೆ 4. ಅದನ್ನು 1 ಮಾಡಿ. ಕಾರಣ ಹೇಳದೆ ಸತ್ತವುಗಳ ಕಾರಣ 'ಡಿಎಂಇಎಸ್‌ಜಿ' ಆಜ್ಞೆಯ ಕೊನೆಯ ಸಾಲುಗಳಲ್ಲಿ ಸಿಗಬಹುದು. 'ಔಟ್ ಆಫ್ ಮೆಮೊರಿ' ಎಂದಿದ್ದರೆ ಲಿನಕ್ಸ್ ಕರ್ನಲ್ಲೇ ಅದನ್ನು ಕೊಂದಿದೆ. ಆಗ ಬ್ರೌಸರ್ ಮುಚ್ಚಿ, ಚಾರ್ಜರ್ ಹಾಕಿ, ಇಮ್ಯಾಕ್ಸನ್ನು ತೆರೆದಿಟ್ಟು ಊಟಕ್ಕೆ ಹೋಗಿ ಬನ್ನಿ. ಒಂದು ಪ್ಯಾಕೇಜಿನ ಒಂದು ಆವೃತ್ತಿಗೆ ಈ ಶ್ರಮ ಒಂದೇ ಸಲ. ನಡುವೆ ಮುಚ್ಚಿದರೂ ಉಳಿದದ್ದು ಮುಂದಿನ ಸಲ ಆ ಪ್ಯಾಕೇಜ್ ಲೋಡ್ ಆದಾಗ ಸರದಿಗೆ ಸೇರುತ್ತದೆ. ಮುಚ್ಚುವಾಗ ಎಚ್ಚರಿಸಬೇಕೆಂದರೆ 'ನೇಟಿವ್-ಕಾಂಪ್-ಅಸಿಂಕ್-ಕ್ವೆರಿ-ಆನ್-ಎಕ್ಸಿಟ್' ಅನ್ನು 'ಟಿ' ಮಾಡಿ.

ಪ್ರಶ್ನೆ: ಪ್ರತಿ ಸಲ ತೆರೆದಾಗಲೂ ಅವೇ ಪ್ಯಾಕೇಜ್‌ಗಳು ಮತ್ತೆ ಕಂಪೈಲ್ ಆಗುತ್ತವೆ. ಒಮ್ಮೆ ಆದರೆ ಸಾಕೆಂದು ಕೇಳಿದ್ದೆ.
ಓದುಗರು, ಕೊಪ್ಪ

ಉತ್ತರ: ಒಮ್ಮೆ ಆದರೆ ಸಾಕು ನಿಜ, ಆದದ್ದು ಉಳಿಯಬೇಕಷ್ಟೆ. ಲಾಗ್ ಬಫರಿನಲ್ಲಿ ಆ ಫೈಲಿನ ಹೆಸರು ಹುಡುಕಿ. ಅದರ ಕೆಳಗೆ ಎರರ್ ಇದ್ದರೆ ಕಂಪೈಲ್ ಪ್ರತಿ ಸಲ ಸೋಲುತ್ತಿದೆ, ಮೇಲಿನ ಉತ್ತರಗಳನ್ನು ನೋಡಿ.

ಎರರ್ ಇಲ್ಲದಿದ್ದರೆ ಇಎಲ್‌ಎನ್-ಕ್ಯಾಷ್ ಫೋಲ್ಡರಿನ ಒಡೆಯರು ಯಾರೆಂದು 'ಎಲ್‌ಎಸ್ -ಎಲ್' ಕೊಟ್ಟು ನೋಡಿ. ಇಲ್ಲಿ '-ಎಲ್' ಸಣ್ಣಕ್ಷರದ್ದು. ಎಂದೋ ಒಮ್ಮೆ ಸಿಸ್ಟಮ್ ಫೈಲ್ ತಿದ್ದಲು, ನಿಮ್ಮ ಪರಿಸರವನ್ನೇ ಉಳಿಸಿಕೊಂಡು ಸುಡೊ ಮೂಲಕ ಇಮ್ಯಾಕ್ಸ್ ತೆರೆದಿದ್ದರೆ ಅಲ್ಲಿನ ಫೋಲ್ಡರ್‌ಗಳು ರೂಟ್ ಹೆಸರಿಗೆ ಹೋಗಿರಬಹುದು. 'ಸುಡೊ ಚೌನ್ -ಆರ್' ಎಂದು, ಆರ್ ದೊಡ್ಡಕ್ಷರದಲ್ಲಿ, ನಿಮ್ಮ ಹೆಸರಿಗೆ ಮಾಡಿಕೊಳ್ಳಿ. ಡಿಸ್ಕ್ ತುಂಬಿದ್ದರೂ 'ಟಿಎಂಪಿ' ವಿಭಾಗ ತುಂಬಿದ್ದರೂ ಹೀಗೇ ಆಗುತ್ತದೆ. 'ಡಿಎಫ್ -ಎಚ್' ನೋಡಿ.

ಹಳೆಯ ಯಂತ್ರಗಳಲ್ಲಿ ಇನ್ನೊಂದು ಕಾರಣವಿದೆ, ಯಾರಿಗೂ ಬೇಗ ಹೊಳೆಯುವುದಿಲ್ಲ. ಮದರ್‌ಬೋರ್ಡಿನ ಗುಂಡಿ ಬ್ಯಾಟರಿ ಸತ್ತಿದ್ದರೆ ಸಿಸ್ಟಮ್ ಗಡಿಯಾರ ಪ್ರತಿ ಸಲ ಹಿಂದಕ್ಕೆ ಹೋಗುತ್ತದೆ. ಸರಿಯಾದ ಸಮಯವಿದ್ದ ದಿನ ಹಾಕಿದ '.ಇಎಲ್‌ಸಿ'ಗಿಂತ ಇವತ್ತು ಕಟ್ಟಿದ '.ಇಎಲ್‌ಎನ್' ಹಳೆಯದೆಂದು ಕಾಣುತ್ತದೆ. ಇಮ್ಯಾಕ್ಸ್ ಅದನ್ನು ಒಪ್ಪದೆ ಮತ್ತೆ ಕಟ್ಟುತ್ತದೆ. ನೆಟ್ ಇದ್ದಾಗ ಗಡಿಯಾರ ತಾನೇ ಸರಿಹೋಗುವುದರಿಂದ ಪೇಟೆಯಲ್ಲಿ ಸರಿ, ತೋಟದ ಮನೆಯಲ್ಲಿ ತೊಂದರೆ ಎಂಬಂತೆ ಇರುತ್ತದೆ. ಸಾಮಾನ್ಯವಾಗಿ ಅದು 'ಸಿಆರ್2032' ಸೆಲ್, ಬದಲಿಸಿ.

'ಕೆನಾಟ್ ಲುಕ್ ಅಪ್ ಇಎಲ್‌ಎನ್ ಫೈಲ್ ಆ್ಯಸ್ ನೋ ಸೋರ್ಸ್ ಫೈಲ್ ವಾಸ್ ಫೌಂಡ್' ಎಂದು ಬಂದರೆ '.ಇಎಲ್‌ಸಿ' ಪಕ್ಕದಲ್ಲಿ ಮೂಲ ಫೈಲೇ ಇಲ್ಲ. ಜಾಗ ಉಳಿಸಲೆಂದು '.ಇಎಲ್' ಅಳಿಸಿದ್ದರೆ ಪ್ಯಾಕೇಜನ್ನು ಮತ್ತೆ ಹಾಕಿ.

ಪ್ರಶ್ನೆ: ಮ್ಯಾಕ್‌ನಲ್ಲಿ ಟರ್ಮಿನಲ್‌ನಿಂದ ಇಮ್ಯಾಕ್ಸ್ ತೆರೆದರೆ ಕಂಪೈಲ್ ಆಗುತ್ತದೆ, ಡಾಕ್‌ನಿಂದ ತೆರೆದರೆ 'ಲೈಬ್ರರಿ ನಾಟ್ ಫೌಂಡ್' ಎನ್ನುತ್ತದೆ.
ಊರಿನಿಂದಲೇ ಕಚೇರಿ ಕೆಲಸ ಮಾಡುವವರು, ಶೃಂಗೇರಿ

ಉತ್ತರ: ಡಾಕ್‌ನಿಂದ ತೆರೆದ ಪ್ರೋಗ್ರಾಮ್ ನಿಮ್ಮ ಶೆಲ್ಲಿನ ಪ್ರೊಫೈಲ್ ಓದುವುದಿಲ್ಲ. ಹಾಗಾಗಿ ಲಿಂಕರಿಗೆ ದಾರಿ ತೋರಿಸುವ 'ಲೈಬ್ರರಿ ಪಾತ್' ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್ ಖಾಲಿ ಇರುತ್ತದೆ. ಹೆಸರನ್ನು ದೊಡ್ಡಕ್ಷರಗಳಲ್ಲಿ, ನಡುವೆ ಅಂಡರ್‌ಸ್ಕೋರ್ ಇಟ್ಟು, 'ಅರ್ಲಿ-ಇನಿಟ್' ಫೈಲಿನಲ್ಲಿ 'ಸೆಟೆನ್ವ್' ಮೂಲಕ ತುಂಬಿ. ಹೋಮ್‌ಬ್ರೂನ ಜಿಸಿಸಿ, ಲಿಬ್‌ಜಿಸಿಸಿಜಿಟ್ ಎರಡರ ಲೈಬ್ರರಿ ಫೋಲ್ಡರ್‌ಗಳೂ 'ಎಮುಟಿಎಲ್ಎಸ್' ಫೈಲ್ ಇರುವ ಒಳ ಫೋಲ್ಡರೂ ಬೇಕು, ನಡುವೆ ಕೋಲನ್. ಆ್ಯಪಲ್ ಚಿಪ್ಪಿನ ಮ್ಯಾಕ್‌ಗಳಲ್ಲಿ ಇವು 'ಆಪ್ಟ್/ಹೋಮ್‌ಬ್ರೂ' ಅಡಿಯಲ್ಲಿ, ಇಂಟೆಲ್‌ನಲ್ಲಿ 'ಯುಎಸ್ಆರ್/ಲೋಕಲ್' ಅಡಿಯಲ್ಲಿ. ಒಳ ಫೋಲ್ಡರಿನ ದಾರಿಯಲ್ಲಿ ಜಿಸಿಸಿಯ ಆವೃತ್ತಿ ಸಂಖ್ಯೆ ಇರುವುದರಿಂದ ಜಿಸಿಸಿ ಅಪ್‌ಗ್ರೇಡ್ ಆದ ದಿನ ಮತ್ತೆ ಕೆಡುತ್ತದೆ, ಆಗ ದಾರಿ ತಿದ್ದಬೇಕು. ಮ್ಯಾಕ್‌ಒಎಸ್ ಅಪ್‌ಡೇಟ್ ಆದ ಕೂಡಲೇ ಎರಡೂ ಕಡೆ ಕೆಟ್ಟರೆ 'ಎಕ್ಸ್‌ಕೋಡ್-ಸೆಲೆಕ್ಟ್ --ಇನ್‌ಸ್ಟಾಲ್' ಓಡಿಸಿ.

ಪ್ರಶ್ನೆ: ಇಷ್ಟೆಲ್ಲ ಬೇಡ, ಪೂರ್ತಿ ಆಫ್ ಮಾಡಬಹುದೆ? ಈಗಾಗಲೇ ತುಂಬಿರುವ ಹಳೆಯ ಫೈಲ್‌ಗಳನ್ನು ಏನು ಮಾಡಲಿ?
ಓದುಗರು, ಸೊರಬ

ಉತ್ತರ: ಮಾಡಬಹುದು. 29ರಿಂದ 'ನೇಟಿವ್-ಕಾಂಪ್-ಜಿಟ್-ಕಂಪೈಲೇಷನ್' ಅನ್ನು 'ಅರ್ಲಿ-ಇನಿಟ್' ಫೈಲಿನಲ್ಲಿ 'ನಿಲ್' ಮಾಡಿ. 28ರಲ್ಲಿ ಅದರ ಹೆಸರಿನಲ್ಲಿ 'ಜಿಟ್' ಬದಲು 'ಡಿಫರ್ಡ್' ಎಂದಿತ್ತು. ಇಷ್ಟಾದರೂ ಒಂದು ಬಗೆಯ ಕಂಪೈಲ್ ಉಳಿಯುತ್ತದೆ. 'ಮೆಸೇಜ್'ನಂಥ, ಸಿ ಭಾಷೆಯಲ್ಲಿ ಬರೆದ ಮೂಲ ಫಂಕ್ಷನ್ನಿಗೆ ಯಾವುದಾದರೂ ಪ್ಯಾಕೇಜ್ ಅಡ್ವೈಸ್ ಹಾಕಿದಾಗ, ಅಂದರೆ ಅದರ ನಡವಳಿಕೆಯನ್ನು ಹೊರಗಿನಿಂದ ಬದಲಿಸುವ ತುಣುಕು ಸೇರಿಸಿದಾಗ, 'ಟ್ರ್ಯಾಂಪೊಲಿನ್' ಎಂಬ ಪುಟ್ಟ '.ಇಎಲ್‌ಎನ್' ಬೇಕಾಗುತ್ತದೆ, ಅದು ಹಿನ್ನೆಲೆಯಲ್ಲಲ್ಲ, ಅಲ್ಲೇ ನಿಂತು ಕಂಪೈಲ್ ಆಗುತ್ತದೆ. ಲಿಂಕರ್ ಕೆಟ್ಟಿರುವ ಯಂತ್ರದಲ್ಲಿ ಆಫ್ ಮಾಡಿದ ಮೇಲೂ ಎರರ್ ಬರುವುದು ಇದರಿಂದ. 'ನೇಟಿವ್-ಕಾಂಪ್-ಎನೇಬಲ್-ಸಬ್ಆರ್-ಟ್ರ್ಯಾಂಪೊಲಿನ್ಸ್' ಅನ್ನೂ 'ನಿಲ್' ಮಾಡಿದರೆ ಅದೂ ನಿಲ್ಲುತ್ತದೆ, ಆದರೆ ಇಮ್ಯಾಕ್ಸಿನ ಜೊತೆಗೇ ಬಂದ ನೇಟಿವ್ ಕೋಡ್ ಆ ಮೂಲ ಫಂಕ್ಷನ್ನನ್ನು ಕರೆದಾಗ ಅಡ್ವೈಸ್ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಲಿಂಕರ್ ಸರಿಮಾಡಿಕೊಳ್ಳುವುದೇ ವಾಸಿ ಎಂಬುದು ನಮ್ಮ ಸಲಹೆ.

ಹಳೆಯ ಫೈಲ್‌ಗಳ ವಿಷಯ: ಇಎಲ್‌ಎನ್-ಕ್ಯಾಷ್ ಒಳಗೆ ಇಮ್ಯಾಕ್ಸಿನ ಪ್ರತಿ ಆವೃತ್ತಿಗೂ ಅದರ ಸಂಖ್ಯೆ ಮತ್ತು ಒಂದು ಹ್ಯಾಷ್ ಸೇರಿದ ಹೆಸರಿನ ಬೇರೆ ಬೇರೆ ಫೋಲ್ಡರ್ ಇರುತ್ತದೆ. ಹಳೆಯ ಆವೃತ್ತಿಯದನ್ನು ಹೊಸದು ಮುಟ್ಟುವುದೂ ಇಲ್ಲ, ಅಳಿಸುವುದೂ ಇಲ್ಲ, ಹಾಗೇ ಬೆಳೆಯುತ್ತದೆ. 29ರಿಂದ 'ನೇಟಿವ್-ಕಂಪೈಲ್-ಪ್ರೂನ್-ಕ್ಯಾಷ್' ಎಂಬ ಆಜ್ಞೆ ಈಗಿನ ಆವೃತ್ತಿಯದನ್ನು ಉಳಿಸಿ ಬೇರೆಯವನ್ನು ತೆಗೆಯುತ್ತದೆ. ಎರಡು ಆವೃತ್ತಿಗಳನ್ನು ಜೊತೆಯಾಗಿ ಬಳಸುವವರಾದರೆ ಓಡಿಸಬೇಡಿ, ಇನ್ನೊಂದರದು ಹೋಗಿ ಅದು ಮೊದಲಿನಿಂದ ಕಟ್ಟಬೇಕಾಗುತ್ತದೆ.